ಡಿಗ್ರಿ ಇದ್ದರೆ ಸಾಕೇ?



ಹೇಳಲು ನಾಚಿಕೆ, ಆದರೂ ಹೇಳಲೇಬೇಕು. ಹೋದ ತಿಂಗಳು ನನ್ನ ಫೋನಿಗೆ ಒಂದು ವಿಡಿಯೋ ಬಂತು. ನಾಲ್ಕು ಜನ ಸೇರಿ ಒಬ್ಬನನ್ನು ಹೊಡೆಯುತ್ತಿದ್ದರು. "ಪಕ್ಕದೂರಿನಲ್ಲೇ ನಡೆದದ್ದು, ಸುಮ್ಮನಿರಬೇಡಿ" ಎಂದು ಕೆಳಗೆ ಬರೆದಿತ್ತು. ರಕ್ತ ಕುದಿಯಿತು. ಹಿಂದೆಮುಂದೆ ನೋಡದೆ ಮೂರು ಗ್ರೂಪಿಗೆ ಕಳಿಸಿದೆ. ನಮ್ಮ ಯುವಕೂಟದ ಹುಡುಗನೊಬ್ಬ, ಓದು ಅರ್ಧಕ್ಕೆ ಬಿಟ್ಟವನು, "ಬೈಕ್ ತೆಗೀರಿ, ಹೋಗಿ ಕೇಳೋಣ" ಎಂದು ಉತ್ತರ ಬರೆದ.

ಸಂಜೆ ಟ್ಯೂಷನ್‌ಗೆ ಬಂದ ಒಂಬತ್ತನೇ ತರಗತಿಯ ಹುಡುಗಿ ಅದನ್ನು ನೋಡಿ ಕೇಳಿದಳು: "ಅಕ್ಕಾ, ಹಿಂದಿನ ಅಂಗಡಿ ಬೋರ್ಡ್ ಕನ್ನಡದಲ್ಲೂ ಇಲ್ಲ, ತೆಲುಗಿನಲ್ಲೂ ಇಲ್ಲವಲ್ಲ?"

ಹೌದು! ಅದು ನಮ್ಮ ಸೀಮೆಯದೇ ಅಲ್ಲ. ಗಡಿಯಲ್ಲಿರುವ ನಮ್ಮ ರತ್ನಗಿರಿಯ ಮಕ್ಕಳಿಗೆ ಎರಡೂ ಲಿಪಿ ಗೊತ್ತು. ಬಿ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಒಂದು ರೀಡಿಂಗ್ ಬರೆಯಲು ಮೂರು ಸಲ ನೋಡುತ್ತಿದ್ದ ನಾನು, ಇದನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಬೈಕ್ ತೆಗೆಯಲು ಹೊರಟವನಿಗೆ ಕೂಡಲೇ ಫೋನ್ ಮಾಡಿದೆ. ಮೂರೂ ಗ್ರೂಪಿನಲ್ಲಿ ತಪ್ಪೊಪ್ಪಿಕೊಂಡೆ.

ಓದಿಲ್ಲದವರೇ ಹಿಂಸೆಗೆ ಇಳಿಯುತ್ತಾರೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಮ್ಮ ನೆರೆಯ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯನ್ನು ನೆನೆಯಿರಿ. 2005ರ ಫೆಬ್ರವರಿ 10ರ ರಾತ್ರಿ, ಅಲ್ಲಿನ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ದಾಳಿ ಮಾಡಿದರು. ಮಕ್ಕಳು ಅಕ್ಷರ ಕಲಿಯುವ ಜಾಗದಲ್ಲಿ ಹೆಣಗಳು ಬಿದ್ದವು. ಅದಕ್ಕೆ ನಾಲ್ಕು ದಿನ ಮೊದಲು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತಿದ್ದರು. ಅವರೇನು ಓದದವರೇ? ದೆಹಲಿಯಲ್ಲಿ ಪತ್ರಿಕೋದ್ಯಮ ಕಲಿತವರು, ಕರ್ನಾಟಕದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು. ಅವರು ಕಂಡ ಬಡತನ, ಭೂಮಿಯಿಲ್ಲದವರ ಕಷ್ಟ ಸುಳ್ಳಲ್ಲ. ಆದರೆ ಬಂದೂಕಿನಿಂದ ಆ ಕಷ್ಟ ಕರಗಲಿಲ್ಲ. ಎರಡೂ ಕಡೆ ಸತ್ತವರು ಯಾರದೋ ಮನೆಯ ಮಕ್ಕಳು.

ಹಾಗಾದರೆ ಯಾವ ಓದು ಬೇಕು? ಸಿಟ್ಟು ಬಂದಾಗ ನಿಂತು ಪ್ರಶ್ನೆ ಕೇಳಲು ಕಲಿಸುವ ಓದು. ಯುನೆಸ್ಕೊ 2016ರಲ್ಲಿ ಶಿಕ್ಷಕರಿಗಾಗಿ ತಂದ ಕೈಪಿಡಿಯೂ ಕಷ್ಟದ ವಿಷಯಗಳನ್ನು ಮುಚ್ಚಿಡದೆ ತರಗತಿಯಲ್ಲಿ ಮಾತಾಡಿ ಎನ್ನುತ್ತದೆ.

ಗೆತ್ಸೆಮನೆ ತೋಟದಲ್ಲಿ ಪೇತ್ರನಿಗೆ ಸಿಟ್ಟು ಬಂದದ್ದೂ ಅನ್ಯಾಯ ಕಂಡೇ. ಯೇಸುಸ್ವಾಮಿ ಕತ್ತಿಯನ್ನು ಒರೆಗೆ ಹಾಕಿಸಿದರು. ಆದರೆ ಪೇತ್ರನನ್ನು ದೂರ ತಳ್ಳಲಿಲ್ಲ. ಬೈಕ್ ತೆಗೆಯಲು ಹೊರಟ ನಮ್ಮ ಹುಡುಗನನ್ನೂ ನಾವು ಗ್ರೂಪಿನಿಂದ ತೆಗೆಯಲಿಲ್ಲ.

ಈಗ ಭಾನುವಾರ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಕೂರುತ್ತೇವೆ. ಆ ವಾರ ಬಂದ ಒಂದು ಮೆಸೇಜ್ ತೆಗೆದು ಮೂರೇ ಪ್ರಶ್ನೆ: ಯಾರು ಹೇಳಿದ್ದು? ಎಲ್ಲಿ, ಯಾವಾಗ ನಡೆದದ್ದು? ನನಗೆ ಸಿಟ್ಟು ಬಂದರೆ ಯಾರಿಗೆ ಲಾಭ? ಈಗ ಎಲ್ಲರಿಗಿಂತ ಜೋರಾಗಿ ಪ್ರಶ್ನೆ ಕೇಳುವವನು ಅವನೇ. ಓಪನ್ ಸ್ಕೂಲಿನಲ್ಲಿ ಹತ್ತನೇ ಕ್ಲಾಸು ಕಟ್ಟುತ್ತೇನೆ ಅಂತ ಮೊನ್ನೆ ಫಾರಂ ಕೇಳಿದ.

ನೀವೂ ಬನ್ನಿ. ತಂದೆತಾಯಂದಿರೂ ಬನ್ನಿ, ಫೋನ್ ತನ್ನಿ.