ಮಗ್ಗದ ಓಣಿಯಲ್ಲಿ ಪಂಕ್ ಹಾಡು

ನಮ್ಮ ಬನಹಟ್ಟಿಯ ನೇಕಾರರ ಓಣಿಯಲ್ಲಿ ಮೆಲ್ಲಗೆ ಮಾತಾಡುವವರು ಸಿಗುವುದು ಅಪರೂಪ. ಬೆಳಗಾಗುತ್ತಲೇ ಪವರ್‌ಲೂಮುಗಳು ಖಟಕ್ ಖಟಕ್ ಎಂದು ಶುರುವಾದರೆ ಪಕ್ಕದಲ್ಲಿ ನಿಂತವರಿಗೂ ಕೂಗಿಯೇ ಹೇಳಬೇಕು. ಚಹಾಕ್ಕೆ ಕರೆಯುವುದೂ ಕೂಗಿಯೇ, ಪ್ರೀತಿಯಿಂದ ಮಾತಾಡಿಸುವುದೂ ಕೂಗಿಯೇ. ಪರ ಊರಿನಿಂದ ಬಂದವರು ಇಲ್ಲೇನೋ ಜಗಳ ನಡೆದಿದೆ ಎಂದುಕೊಳ್ಳುತ್ತಾರೆ. ಪಾಪ್ ಪಂಕ್ ಮತ್ತು ಪೋಸ್ಟ್ ಹಾರ್ಡ್‌ಕೋರ್ ಎಂಬ ಎರಡು ಬಗೆಯ ಇಂಗ್ಲಿಷ್ ಹಾಡುಗಳು ನನಗೆ ಹಿಡಿಸಲು ಇದೇ ಕಾರಣ ಇರಬೇಕು. ಅಲ್ಲಿಯೂ ಹಾಡುವವರು ಕೂಗುತ್ತಾರೆ. ಕೂಗಿನೊಳಗೆ ಏನಿದೆ ಎಂದು ತಿಳಿಯಬೇಕಾದರೆ ಸ್ವಲ್ಪ ಹೊತ್ತು ಕೂತು ಕೇಳಬೇಕು.

ಪಂಕ್ ಎಂದರೆ 1970ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಹುಟ್ಟಿದ ಗಟ್ಟಿ ದನಿಯ ಹಾಡು. ಒಂದೆರಡು ಗಿಟಾರು, ಒಂದು ಡ್ರಮ್ಮು, ಎರಡು ಮೂರು ನಿಮಿಷದ ಹಾಡು. ದೊಡ್ಡವರನ್ನು, ಸರಕಾರವನ್ನು ನೇರವಾಗಿ ಪ್ರಶ್ನೆ ಕೇಳುವ ಮಾತು. ಅದಕ್ಕೆ ಎಲ್ಲರೂ ಗುನುಗುವಂಥ ಧಾಟಿ ಸೇರಿದರೆ ಪಾಪ್ ಪಂಕ್. ಪೋಸ್ಟ್ ಹಾರ್ಡ್‌ಕೋರ್ 1980ರ ದಶಕದಲ್ಲಿ ಬಂದದ್ದು. ಅದರಲ್ಲಿ ಗಾಯಕ ಹಾಡುತ್ತಲೇ ಮಾತಾಡುತ್ತಾನೆ, ಮಾತಾಡುತ್ತಲೇ ಚೀರುತ್ತಾನೆ, ಒಮ್ಮೊಮ್ಮೆ ಅತ್ತೇಬಿಡುತ್ತಾನೆ.

ಇದೆಲ್ಲ ನಮಗೆ ತೀರ ಹೊಸದೇನಲ್ಲ. ಗೀಗೀ ಪದ ನೆನಪಿಸಿಕೊಳ್ಳಿ. ಮುಂದೆ ನಿಂತವರು ದಪ್ಪು ಬಡಿಯುತ್ತ ಒಂದು ನುಡಿ ಎತ್ತಿದರೆ, ತುಂತುಣಿ ಮತ್ತು ತಾಳ ಹಿಡಿದು ಹಿಂದೆ ನಿಂತವರು ‘ಗೀಯ ಗೀಯ’ ಎಂದು ದನಿ ಸೇರಿಸುತ್ತಾರೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಈ ಮೇಳಗಳು ಊರೂರು ತಿರುಗಿ ಬ್ರಿಟಿಷರ ವಿರುದ್ಧ ಹಾಡಿದವು. ಗಟ್ಟಿ ದನಿ, ಸರಳ ವಾದ್ಯ, ಎಲ್ಲರೂ ಸೇರಿ ಹಾಡುವ ಪಲ್ಲವಿ. ಪಂಕ್ ಬೇರೆ ಇನ್ನೇನು?

ನಮ್ಮ ಮುತ್ಯಾ ಪ್ರಾಯದಲ್ಲಿ ಇಂಥದೊಂದು ಮೇಳದಲ್ಲಿ ಹಾಡುತ್ತಿದ್ದ. ನಲವತ್ತು ವರ್ಷ ಮಗ್ಗದ ಮುಂದೆ ನಿಂತು ಅವನ ಕಿವಿ ಅರ್ಧ ಹೋಗಿದೆ. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಕಳೆದರೆ ವರ್ಷಗಳು ಹೋದಂತೆ ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಅದಕ್ಕೇ ನಾನು ಎಷ್ಟೇ ಗಟ್ಟಿ ಹಾಡಾದರೂ ಮೊಬೈಲಿನ ಸದ್ದನ್ನು ಅರ್ಧಕ್ಕಿಂತ ಮೇಲೆ ಏರಿಸುವುದಿಲ್ಲ. ಮಕ್ಕಳೇ, ನೀವೂ ಏರಿಸಬೇಡಿ. ಮುತ್ಯಾನಿಗೆ ಕೇಳಿಸುವಾಗ ಮಾತ್ರ ಸ್ಪೀಕರನ್ನು ಅವನ ಕುರ್ಚಿಯ ಹಿಡಿಕೆಯ ಮೇಲೆ ಇಡುತ್ತೇನೆ. ಡ್ರಮ್ಮಿನ ಏಟು ಅವನ ಅಂಗೈಗೆ ತಾಗುತ್ತದೆ.

ಮೊದಲ ಸಲ ಕೇಳಿದಾಗ ಅವನು ಕೇಳಿದ್ದು ಒಂದೇ ಮಾತು: “ತಂಗೀ, ಇಂವಾ ಯಾಕ ಹಿಂಗ ಒದರಾಕತ್ತಾನ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಈಚಿನ ಮೂರು ಆಲ್ಬಮ್‌ಗಳನ್ನು ಕೇಳಿದೆ. ಆಲ್ಬಮ್ ಎಂದರೆ ಒಂದು ತಂಡ ಒಟ್ಟಿಗೆ ಹೊರತರುವ ಹತ್ತು ಹದಿನೈದು ಹಾಡುಗಳ ಗುಚ್ಛ, ಹಿಂದೆ ಕ್ಯಾಸೆಟ್ ಬರುತ್ತಿತ್ತಲ್ಲ, ಹಾಗೆ. ಅದಕ್ಕೂ ಹಿಂದೆ ಗ್ರಾಮಫೋನ್ ತಟ್ಟೆಗಳಿದ್ದವು. ಒಂದು ಬದಿಗೆ ಮೂರು ನಿಮಿಷ ಮಾತ್ರ ಹಿಡಿಸುತ್ತಿತ್ತು. ನಮ್ಮ ಬೀಳಗಿಯಲ್ಲಿ ಹುಟ್ಟಿ ಮುಂಬೈಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದ ಅಮೀರಬಾಯಿ ಕರ್ನಾಟಕಿ ಅವರು ಹಾಡಿದ್ದೂ ಅಂಥ ತಟ್ಟೆಗಳಿಗೇ. ಹಾಡೆಂದರೆ ಮೂರು ನಿಮಿಷ ಎಂಬ ರೂಢಿ ಅಲ್ಲಿಂದ ಬಂತು. ಪಂಕ್ ಹುಡುಗರು ಈಗಲೂ ಅದನ್ನು ಬಿಟ್ಟಿಲ್ಲ.

ಮೊದಲನೆಯದು ಗ್ರೀನ್ ಡೇ ತಂಡದ ‘ಸೇವಿಯರ್ಸ್’, 2024ರ ಜನವರಿಯಲ್ಲಿ ಬಂದದ್ದು. ತಂಡದ ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಹತ್ತು ವರ್ಷದವನಿದ್ದಾಗ, 1982ರ ಸೆಪ್ಟೆಂಬರಿನಲ್ಲಿ, ತಂದೆಯನ್ನು ಕಳೆದುಕೊಂಡ. ಆ ಅಗಲಿಕೆಯನ್ನು ಹಾಡಾಗಿಸಲು ಅವನಿಗೆ ಇಪ್ಪತ್ತು ವರ್ಷ ಹಿಡಿಯಿತು. ಅದು 2004ರ ‘ಅಮೆರಿಕನ್ ಈಡಿಯಟ್’ ಆಲ್ಬಮ್‌ನಲ್ಲಿದೆ. ಹೊಸ ಆಲ್ಬಮ್‌ನಲ್ಲಿ ‘ಫಾದರ್ ಟು ಎ ಸನ್’ ಎಂಬ ಹಾಡಿದೆ. ತಂದೆಯಿಲ್ಲದೆ ಬೆಳೆದ ಹುಡುಗ ಈಗ ತಾನೇ ತಂದೆಯಾಗಿ ಮಗನೊಡನೆ ಮಾತಾಡುತ್ತಾನೆ. ಹದಿನೈದು ಹಾಡುಗಳಲ್ಲಿ ನಾಲ್ಕೈದು ನನಗೆ ಸಪ್ಪೆ ಎನಿಸಿದವು, ಹಳೆಯ ಧಾಟಿಯನ್ನೇ ಮತ್ತೆ ತಿರುವಿದಂತೆ. ಆದರೆ ಇದೊಂದಕ್ಕಾಗಿ ಉಳಿದದ್ದನ್ನೆಲ್ಲ ಮಾಫಿ ಮಾಡಿದೆ. ಈ ತಂಡ 2025ರ ಮಾರ್ಚ್‌ನಲ್ಲಿ ಮುಂಬೈಗೂ ಬಂದಿತ್ತು. ಟಿಕೆಟ್ಟಿನ ಬೆಲೆ ನೋಡಿ ನಾನು ಮನೆಯಲ್ಲೇ ಹಾಡು ಕೇಳಿದೆ.

ಎರಡನೆಯದು ಟುಶೇ ಅಮೊರೇ ಎಂಬ ಲಾಸ್ ಏಂಜಲೀಸ್ ತಂಡದ ‘ಸ್ಪೈರಲ್ ಇನ್ ಎ ಸ್ಟ್ರೇಟ್ ಲೈನ್’, 2024ರ ಅಕ್ಟೋಬರಿನದು. ಇದು ಪೋಸ್ಟ್ ಹಾರ್ಡ್‌ಕೋರ್, ಕೇಳುವುದು ಸ್ವಲ್ಪ ಕಷ್ಟ. ಗಾಯಕ ಜೆರೆಮಿ ಬೋಲ್ಮ್ ಮೊದಲಿನಿಂದ ಕೊನೆಯವರೆಗೆ ಗಂಟಲು ಹರಿಯುವಂತೆ ಕೂಗುತ್ತಾನೆ. ಅವನ ತಾಯಿಗೆ ಕ್ಯಾನ್ಸರ್ ಆಗಿತ್ತು. 2014ರಲ್ಲಿ ಮಗ ವೇದಿಕೆಯ ಮೇಲೆ ಹಾಡುತ್ತಿದ್ದಾಗಲೇ ಆಕೆ ತೀರಿಕೊಂಡರು. ಎರಡು ವರ್ಷದ ಮೇಲೆ ಬಂದ ‘ಸ್ಟೇಜ್ ಫೋರ್’ ಎಂಬ ಇಡೀ ಆಲ್ಬಮ್ ಆ ದುಃಖವೇ. ಹೊಸ ಆಲ್ಬಮ್‌ನಲ್ಲಿ ಅಳುವ ದನಿ ಕಡಿಮೆ, ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆ ಹೆಚ್ಚು. ಮೊದಲ ಸಲ ಮೂರು ಹಾಡಿಗೇ ನಿಲ್ಲಿಸಿದೆ. ಮೂರನೆಯ ಸಲ ಪೂರ್ತಿ ಕೇಳಿದೆ. ಅಡಿಗೆಮನೆಯಲ್ಲಿದ್ದ ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇದು ಅಳೂ ಹಾಡ ಐತಿ, ಅಲಾಯಿ ಹಾಡಿನಗತೆ,” ಎಂದಳು. ನಮ್ಮ ಕಡೆ ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹಾಡುತ್ತಾರೆ, ಹಿಂದೂಗಳೂ ಮುಸಲ್ಮಾನರೂ ಕೂಡಿ. ಹಾಡುತ್ತ ಹಾಡುತ್ತ ದನಿ ಬಿರಿಯುತ್ತದೆ. ಒಂದು ಇಂಗ್ಲಿಷ್ ಪದ ತಿಳಿಯದೆಯೂ ಆಯಿಗೆ ಅದು ಗುರುತು ಸಿಕ್ಕಿತ್ತು.

ಮೂರನೆಯದು ಬ್ಲಿಂಕ್-182 ತಂಡದ ‘ಒನ್ ಮೋರ್ ಟೈಮ್’, 2023ರ ಅಕ್ಟೋಬರಿನದು. ಹಾಡುಗಳಲ್ಲಿ ಹುಡುಗಾಟಿಕೆಯೇ ಹೆಚ್ಚು. ಅಂಥವನ್ನು ನಾನು ಮುತ್ಯಾನಿಗೆ ಕೇಳಿಸಲಿಲ್ಲ. ಆದರೆ ಆಲ್ಬಮ್‌ಗೆ ಹೆಸರು ಕೊಟ್ಟ ಹಾಡು ಮೆಲ್ಲನೆಯದು. ಅದರ ಹಿಂದಿನ ಕಥೆಯನ್ನು ಮುತ್ಯಾನಿಗೆ ಹೇಳಿದೆ. ಮಾರ್ಕ್, ಟಾಮ್, ಟ್ರ್ಯಾವಿಸ್ ಎಂದು ಮೂವರು ಗೆಳೆಯರು. 1999ರ ಹೊತ್ತಿಗೆ ಲೋಕವೇ ಅವರ ಹಾಡು ಹಾಡುತ್ತಿತ್ತು. 2005ರಲ್ಲಿ ಮುನಿಸಿಕೊಂಡು ಬೇರೆಯಾದರು. 2008ರಲ್ಲಿ ಟ್ರ್ಯಾವಿಸ್ ಇದ್ದ ಚಿಕ್ಕ ವಿಮಾನ ಅಪಘಾತಕ್ಕೀಡಾಯಿತು. ಆರು ಜನರಲ್ಲಿ ನಾಲ್ವರು ಸತ್ತರು, ಅವನು ಮೈಯೆಲ್ಲ ಸುಟ್ಟುಕೊಂಡು ಬದುಕಿದ. ಆಗ ಮೂವರೂ ಮತ್ತೆ ಮಾತಾಡಿದರು, ಮರುವರ್ಷ ಕೂಡಿ ಹಾಡಿದರು. 2015ರಲ್ಲಿ ಟಾಮ್ ಮತ್ತೆ ಹೊರಗೆ ಹೋದ. 2021ರಲ್ಲಿ ಮಾರ್ಕ್‌ಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಟಾಮ್ ಮತ್ತೆ ಹತ್ತಿರ ಬಂದ. ಮಾರ್ಕ್ ಗುಣವಾದ, ಮುಂದಿನ ವರ್ಷ ಮೂವರೂ ಒಂದಾದರು. ನಾವು ಕೂಡಬೇಕಾದರೆ ವಿಮಾನ ಬೀಳಬೇಕೇ, ರೋಗ ಬರಬೇಕೇ ಎಂದು ಕೇಳುವುದೇ ಆ ಹಾಡು.

ಮುತ್ಯಾ ಸ್ಪೀಕರಿನ ಮೇಲಿನ ಕೈ ತೆಗೆಯಲಿಲ್ಲ. “ವಿಮಾನ ಬಿದ್ದ ಮ್ಯಾಲೆ ಮಾತಾಡಿದ್ರು?”

“ಹೌದು ಮುತ್ಯಾ.”

“ಮತ್ತ ಬಿಟ್ರು?”

“ಮತ್ತ ಬಿಟ್ರು. ಜಡ್ಡ ಬಂದ ಮ್ಯಾಲೆ ಕೂಡಿದ್ರು.”

“ಹುಚ್ಚರು,” ಎಂದ. ಬಹಳ ಹೊತ್ತು ಸುಮ್ಮನಿದ್ದು, “ಎಲ್ಲಾರೂ ಹುಚ್ಚರs,” ಎಂದ.

ಮುತ್ಯಾನ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದ ಗೆಳೆಯನೊಬ್ಬ ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾನೆ. ಒಂದು ಜಾತ್ರೆಯ ಬಿದಾಗಿ ಹಣ ಹಂಚಿಕೊಳ್ಳುವಲ್ಲಿ ಮಾತಿಗೆ ಮಾತು ಬೆಳೆದು ಹದಿನಾಲ್ಕು ವರ್ಷಗಳಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮುಂದಿನ ಭಾನುವಾರ ಮುತ್ಯಾ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು, “ಬೀಳಗಿ ಬಸ್ ಎಷ್ಟಕ್ಕೈತಿ ನೋಡ,” ಎಂದ.

ಜಮಖಂಡಿಯಲ್ಲಿ ಬಸ್ಸು ಬದಲಿಸಿ ಹೋದೆವು. ಅಲ್ಲಿ ದೊಡ್ಡ ಮಾತೇನೂ ಆಗಲಿಲ್ಲ. ಯಾರದು ತಪ್ಪು ಎಂಬ ಸುದ್ದಿಯೇ ಬರಲಿಲ್ಲ. “ಬಾರಲೇ, ಒಳಗ ಬಾ,” ಎಂದ ಆ ಮುತ್ಯಾ. ಚಹಾ ಆಯಿತು. ಗೂಟಕ್ಕೆ ತೂಗುಹಾಕಿದ್ದ ದಪ್ಪು ಇಳಿಸಿದರೆ ಚರ್ಮ ಸಡಿಲಾಗಿತ್ತು. ಮೊಮ್ಮಕ್ಕಳು ಕಣಿಕೆ ಉರಿ ಹಾಕಿ ಅದನ್ನು ಕಾಯಿಸಿಕೊಟ್ಟರು. ಇಬ್ಬರೂ ಒಂದು ಪದ ಎತ್ತಿದರು. ಎರಡನೆಯ ನುಡಿಗೆ ಆ ಮುತ್ಯಾನಿಗೆ ಉಸಿರು ಸಾಲಲಿಲ್ಲ. ನಮ್ಮ ಮುತ್ಯಾನಿಗೆ ದಪ್ಪು ಸರಿಯಾಗಿ ಕೇಳಿಸಲಿಲ್ಲ. ಚರ್ಮದ ಮೇಲೆ ಕೈಯಿಟ್ಟು ತಾಳ ಹಿಡಿದ. ಪದ ಅರ್ಧಕ್ಕೇ ನಿಂತಿತು. ಹದಿನಾಲ್ಕು ವರ್ಷ ಬೇಗ ಬಂದಿದ್ದರೆ ಪೂರ್ತಿ ಆಗುತ್ತಿತ್ತೇನೋ.

ಈಗ ಇಬ್ಬರೂ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ, ಓಣಿಗೆಲ್ಲ ಕೇಳುವ ಹಾಗೆ.

ಅಜ್ಜ ಅಜ್ಜಿಯರೇ, ಮನೆಯ ಹುಡುಗರು ಗದ್ದಲದ ಹಾಡು ಹಚ್ಚಿದಾಗ ‘ಬಂದ್ ಮಾಡು’ ಎನ್ನುವ ಮೊದಲು, ‘ಇವ ಯಾಕೆ ಒದರುತ್ತಿದ್ದಾನೆ?’ ಎಂದು ಒಮ್ಮೆ ಕೇಳಿ ನೋಡಿ. ಮಕ್ಕಳೇ, ಹಾಗೆ ಕೇಳಿದರೆ ‘ನಿಮಗೆ ತಿಳಿಯುವುದಿಲ್ಲ’ ಎನ್ನಬೇಡಿ. ಕನ್ನಡದಲ್ಲಿ ಅರ್ಥ ಹೇಳಿ. ಹೇಳುತ್ತ ಹೇಳುತ್ತ ನಿಮಗೂ ಹಾಡು ಹೆಚ್ಚು ತಿಳಿಯುತ್ತದೆ. ಆಮೇಲೆ ಅವರ ಕಾಲದ ಒಂದು ಪದ ಹಾಡಿಸಿಕೊಳ್ಳಿ. ಉಸಿರು ಇರುವಾಗಲೇ ಹಾಡಿಸಿಕೊಳ್ಳಿ.