ಪ್ರಾಕ್ಕಲ್ಪನೆಯನ್ನು ಬರೆಯುವ ಬಗೆ

ಕಲಬುರಗಿ ನಗರದ ಅಂಚಿನಲ್ಲಿರುವ ತಾಜಸುಲ್ತಾನಪುರದ ಸೀಮೆಯು ತೊಗರಿಯ ಸೀಮೆಯು. ಈ ಜಿಲ್ಲೆಯ ತೊಗರಿ ಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು. ಅದಾದ ಮೂರೇ ವರ್ಷಕ್ಕೆ, ೨೦೨೨ರ ಮುಂಗಾರಿನಲ್ಲಿ ಬಿತ್ತಿದ ಪೈರು ಜಿಲ್ಲೆಯ ಎಷ್ಟೋ ಹೊಲಗಳಲ್ಲಿ ನೆಟೆ ರೋಗಕ್ಕೆ ತುತ್ತಾಗಿ ನಿಂತ ನಿಲುವಿನಲ್ಲಿಯೇ ಒಣಗಿಹೋಯಿತು. ಅಂತಹ ವರ್ಷದಲ್ಲಿ ಒಕ್ಕಲುತನದ ಮನೆಯ ಬಾಲಕನಿಗೆ ಪ್ರಶ್ನೆಯನ್ನು ಯಾರೂ ಕಲಿಸಬೇಕಾದುದಿಲ್ಲ. ನೆರೆಯ ಹೊಲವು ಹಸುರಾಗಿರಲು ತಮ್ಮ ಹೊಲವೇಕೆ ಬಾಡಿತೆಂಬುದು ಅವನ ಮನೆಯ ಉಣ್ಣುವ ಮಾತೇ ಆಗಿರುತ್ತದೆ.

ಅದೇ ಬಾಲಕನು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ವರದಿಯನ್ನು ಬರೆಯಲು ಕುಳಿತಾಗ 'ಪ್ರಾಕ್ಕಲ್ಪನೆ' ಎಂಬ ತಲೆಬರಹದ ಕೆಳಗೆ ಲೇಖನಿಯು ನಿಂತುಬಿಡುತ್ತದೆ. ಆಗ ಅವನು 'ನೆಟೆ ರೋಗದ ಅಧ್ಯಯನ' ಎಂದು ಬರೆಯುತ್ತಾನೆ. ಅದು ಬರಿಯ ವಿಷಯದ ಹೆಸರು. ಇಲ್ಲವೆ 'ರೈತರು ಎಚ್ಚರದಿಂದಿರಬೇಕು' ಎಂದು ಬರೆಯುತ್ತಾನೆ, ಅದು ಉಪದೇಶವು. ಎಲ್ಲಕ್ಕಿಂತ ಕೆಟ್ಟುದೆಂದರೆ, ಪ್ರಯೋಗವೆಲ್ಲ ಮುಗಿದು ಫಲವು ತಿಳಿದ ಮೇಲೆ ಆ ಫಲವನ್ನೇ ಮೊದಲು ಊಹಿಸಿದ್ದಂತೆ ಬರೆಯುವುದು. ಇದರಲ್ಲಿ ವಾಕ್ಯವು ಸರಿಯಾಗಿರಬಹುದು. ವಿದ್ಯೆಯು ಮಾತ್ರ ಹಾಳಾಯಿತು.

ನಮ್ಮ ತರ್ಕಶಾಸ್ತ್ರವನ್ನು ಓದಿದವರಿಗೆ ಈ ವಿಷಯವು ಪೂರ್ತಿಯಾಗಿ ಹೊಸದಲ್ಲ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ತಿರುಗಿಸಿ ಹೇಳಿದರೆ ಅದು ನಿಲ್ಲದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯ ಸಂಬಂಧವೂ ಬೇಕು. ಹೀಗೆ ಮರೆಯಲ್ಲಿ ನಿಂತು ಫಲವನ್ನುಂಟುಮಾಡುವ ಬೇರೊಂದು ಸಂಗತಿಗೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟರು. ಪ್ರಾಕ್ಕಲ್ಪನೆಯೂ ಒಂದು ಬಗೆಯ ಪ್ರತಿಜ್ಞೆಯೇ. ಭೇದವಿಷ್ಟೆ: ಪ್ರತಿಜ್ಞೆಯನ್ನು ಮಾಡಿದವನು ಅದನ್ನು ಸಾಧಿಸಹೊರಡುತ್ತಾನೆ, ಪ್ರಾಕ್ಕಲ್ಪನೆಯನ್ನು ಬರೆದವನು ಅದನ್ನು ಪರೀಕ್ಷೆಗೆ ಒಪ್ಪಿಸುತ್ತಾನೆ. ತಾನು ಯಾವುದರಿಂದ ಸೋಲುವೆನೆಂಬುದನ್ನು ಮುಂಚಿತವಾಗಿ ಹೇಳಿಕೊಳ್ಳುವ ವಾಕ್ಯವೇ ಪ್ರಾಕ್ಕಲ್ಪನೆಯು.

ಸೋತ ಕಲ್ಪನೆಯು ವ್ಯರ್ಥವಲ್ಲವೆಂಬುದಕ್ಕೆ ದೃಷ್ಟಾಂತವು ದೂರದಲ್ಲಿಲ್ಲ. ಕಲಬುರಗಿಯೂ ಅಡಕವಾಗಿದ್ದ ಅಂದಿನ ನಿಜಾಮರ ಸೀಮೆಯಲ್ಲಿಯೇ, ಸಿಕಂದರಾಬಾದಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯನಿದ್ದನು. ಮಲೇರಿಯಾ ಜ್ವರಕ್ಕೂ ಸೊಳ್ಳೆಗೂ ಸಂಬಂಧವುಂಟೆಂದು ಪ್ಯಾಟ್ರಿಕ್ ಮ್ಯಾನ್ಸನ್ ೧೮೯೪ರಲ್ಲಿ ಊಹಿಸಿದ್ದನು. ಸೊಳ್ಳೆಯು ಸತ್ತು ಬಿದ್ದ ನೀರನ್ನು ಕುಡಿದವರಿಗೆ ಜ್ವರವು ಹತ್ತುವುದೆಂಬುದು ಅವನ ಕಲ್ಪನೆ. ರಾಸನು ೧೮೯೫ರಲ್ಲಿ ಅಂತಹ ನೀರನ್ನು ಒಪ್ಪಿದವರಿಗೆ ಕುಡಿಸಿ ನೋಡಿದನು, ಕಲ್ಪನೆಯು ನಿಲ್ಲಲಿಲ್ಲ. ನೀರಿನ ಮಾತು ಬಿದ್ದರೂ ಸೊಳ್ಳೆಯ ಮಾತನ್ನು ಅವನು ಬಿಡಲಿಲ್ಲ. ಬೇರೆ ಜಾತಿಯ ಸೊಳ್ಳೆಗಳನ್ನು ಪರೀಕ್ಷಿಸುತ್ತ ಎರಡು ವರ್ಷ ಸೋತು, ೧೮೯೭ರ ಆಗಸ್ಟ್ ೨೦ರಂದು ರೋಗಿಯ ರಕ್ತವನ್ನು ಹೀರಿದ ಒಂದು ಸೊಳ್ಳೆಯ ಹೊಟ್ಟೆಯಲ್ಲಿ ಜ್ವರದ ಜೀವಾಣುವನ್ನು ಕಂಡನು. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿ, ಸೊಳ್ಳೆಯ ಕಡಿತದಿಂದಲೇ ರೋಗವು ಹರಡುವುದೆಂದು ತೋರಿಸಿದನು. ಮ್ಯಾನ್ಸನನ ಕಲ್ಪನೆಯು ಪರೀಕ್ಷೆಗೆ ಒಳಪಡುವಷ್ಟು ಸ್ಪಷ್ಟವಾಗಿದ್ದುದರಿಂದಲೇ ಅದರಲ್ಲಿ ಬೀಳತಕ್ಕುದು ಬಿದ್ದು ಉಳಿಯತಕ್ಕುದು ಉಳಿಯಿತು.

ಈಗ ತೊಗರಿಯ ಹೊಲಕ್ಕೆ ಮರಳಬಹುದು. ವಿದ್ಯಾರ್ಥಿಯು ಮೊದಲು ಕಣ್ಣಾರೆ ನೋಡಬೇಕು. ಬಾಡಿದ ಗಿಡದ ಕಾಂಡವನ್ನು ಸೀಳಿದರೆ ಒಳಗೆ ಕಂದುಗೆರೆಗಳು ಕಾಣುವವೊ ಇಲ್ಲವೊ? ಏಕೆಂದರೆ ನೀರು ನಿಂತು ಬೇರು ಕೊಳೆತರೂ ಗಿಡವು ಬಾಡುವುದು. ಬಳಿಕ ಹೀಗೆ ಬರೆಯಬಹುದು: 'ನೆಟೆ ಬಂದ ಹೊಲದ ಮಣ್ಣಿನಲ್ಲಿರುವ ಯಾವುದೋ ಸಜೀವ ಕಾರಣದಿಂದ ಗಿಡವು ಒಣಗುವುದಾದರೆ, ಆ ಮಣ್ಣನ್ನು ಹಬೆಯಲ್ಲಿ ಬೇಯಿಸಿ ಬೀಜವನ್ನು ಬಿತ್ತಿದಾಗ, ಬೇಯಿಸದ ಮಣ್ಣಿನಲ್ಲಿ ಒಣಗುವುದಕ್ಕಿಂತ ಕಡಿಮೆ ಸಸಿಗಳು ಒಣಗಬೇಕು.' ಇದರಲ್ಲಿ ಕಾರಣವಿದೆ, ಫಲವಿದೆ, ಹೋಲಿಕೆಯಿದೆ, ಎಣಿಸಲು ಬರುವ ಲೆಕ್ಕವಿದೆ. ಎರಡರಲ್ಲಿಯೂ ಸಮನಾಗಿ ಒಣಗಿದರೆ ಕಲ್ಪನೆಯು ಸೋತಂತೆಯೇ.

ಒಂದೊಂದು ಬಗೆಗೆ ೨೦ ಕುಂಡಗಳಿರಲಿ. ಒಂದೆರಡು ಸಸಿಗಳ ಅಂತರವು ಆಕಸ್ಮಿಕವೂ ಆಗಬಹುದು. ಬೀಜವು ಒಂದೇ ಚೀಲದ್ದು, ನೀರು ಒಂದೇ ಅಳತೆ, ಬಿಸಿಲು ಒಂದೇ ಅಂಗಳದ್ದು ಆಗಿರಲಿ. ಇಷ್ಟಾದರೂ ಉಪಾಧಿಯೊಂದು ಅಡಗಿರುತ್ತದೆ. ಬೇಯಿಸಿದಾಗ ಮಣ್ಣಿನ ಸಾರವೂ ಮಾರ್ಪಡುವುದಷ್ಟೆ! ಆದುದರಿಂದ ಬೇಯಿಸಿದ ಮಣ್ಣಿಗೆ ರೋಗದ ಮಣ್ಣನ್ನು ಒಂದು ಹಿಡಿಯಷ್ಟು ಕಲಸಿದ ಮೂರನೆಯ ಸಾಲೊಂದು ಬೇಕು. ಅಲ್ಲಿ ರೋಗವು ಮರಳಿ ಬಂದರೆ ಕಲ್ಪನೆಗೆ ಬಲವು ಹೆಚ್ಚುವುದು. ಇದೆಲ್ಲವನ್ನೂ ಬೀಜವನ್ನೂರುವ ಮೊದಲೇ ದಿನಾಂಕ ಸಹಿತ ಬರೆದಿಡತಕ್ಕದ್ದು.

ನೆಟೆ ರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಬಟ್ಲರ್ ಎಂಬ ವಿದ್ವಾಂಸನು ೧೯೧೦ರಲ್ಲಿಯೇ ಫ್ಯುಸೇರಿಯಂ ಉಡಂ ಎಂದು ಹೆಸರಿಟ್ಟಿರುವಾಗ ಬಾಲಕನ ಶ್ರಮವೇಕೆಂದು ಕೆಲವರು ಕೇಳಬಹುದು. ಗ್ರಂಥದಲ್ಲಿರುವುದು ರೋಗದ ಸಾಮಾನ್ಯ ಕಾರಣವು; ತಮ್ಮ ಹೊಲದ ಪೈರು ಅದರಿಂದಲೇ ಬಾಡಿತೊ, ನಿಂತ ನೀರಿನಿಂದ ಬಾಡಿತೊ ಎಂಬುದನ್ನು ಗ್ರಂಥವು ಹೇಳಲಾರದು. ಮೊದಲನೆಯದಾದರೆ ಕೆಲವು ವರ್ಷ ತೊಗರಿಯನ್ನು ಬಿಟ್ಟು ಜೋಳ ಮೊದಲಾದುವನ್ನು ಬೆಳೆಯುವುದು ಹಿತ. ಎರಡನೆಯದಾದರೆ ಕಾಲುವೆಯನ್ನು ತೋಡಬೇಕು. ಕಾರಣವನ್ನು ತಪ್ಪಾಗಿ ತಿಳಿದ ಮನೆಯು ಇನ್ನೊಂದು ವರ್ಷದ ಬೆಳೆಯನ್ನು ಕಳೆದುಕೊಳ್ಳುವುದು.

ಉಪಾಧ್ಯಾಯರೂ ತಾಯ್ತಂದೆಗಳೂ ಮಾಡಬೇಕಾದುದು ಒಂದುಂಟು. ಕಲ್ಪನೆಯು ಸುಳ್ಳಾಯಿತೆಂದು ಮಗುವು ನಿಜವನ್ನೇ ಬರೆದು ತಂದಾಗ ಅದರ ಗುಣಾಂಕವನ್ನು ಕಡಿಮೆ ಮಾಡಬಾರದು. ಸುಳ್ಳಾದ ವಾಕ್ಯವನ್ನು ಅಳಿಸಿ ಬೇರೊಂದನ್ನು ಬರೆಯೆಂದು ಹೇಳಬಾರದು. ಆ ಹಾಳೆಯು ಹಾಗೆಯೇ ಇರಲಿ. ಅದರ ಕೆಳಗೆ ಮುಂದಿನ ವರ್ಷದ ಕಲ್ಪನೆಯನ್ನು ಬರೆಯಲು ಜಾಗವಿರುತ್ತದೆ.