ಮಂದ್ರವೇ ಮುಂದಾದ ಹಾಡುಗಳು

ರೆಕಾರ್ಡನ್ನು ತಿರುಗಣಿಯ ಮೇಲಿಟ್ಟು, ಮುಳ್ಳನ್ನು ಮೆಲ್ಲನೆ ಇಳಿಸಿ, ಅನ್ಯ ಕಾರ್ಯಗಳಿಗೆಲ್ಲ ವಿರಾಮವಿತ್ತು ಕುಳಿತು ಕೇಳುವುದೆಂದರೆ ನನಗೆ ಪರಮಪ್ರೀತಿ. ಹಾಗೆ ಕೇಳತಕ್ಕವುಗಳಲ್ಲಿ, ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ನಾಲ್ವರು ಸ್ತ್ರೀಯರ ‘ಮೆರ್ಸೆನಾರಿಯಾಸ್’ ವೃಂದವು 1986ರಲ್ಲಿ ಹೊರತಂದ ಪ್ರಥಮ ಕೃತಿಯಾದ ‘ಕಡೇ ಆಸ್ ಆರ್ಮಾಸ್?’ – ಆಯುಧಗಳೆಲ್ಲಿ? – ಎಂಬುದಕ್ಕೆ ನನ್ನ ಮನಸ್ಸಿನಲ್ಲಿ ಅಗ್ರಸ್ಥಾನವುಂಟು. ಎರಡು ಮಗ್ಗುಲೂ ಸೇರಿ ಅದು ಅರ್ಧ ಗಂಟೆಯನ್ನೂ ತುಂಬುವುದಿಲ್ಲ. ಆದರೆ ಅಷ್ಟರಲ್ಲಿಯೇ ಕೇಳುವವನ ಕಿವಿಯನ್ನು ಹೊಸದಾಗಿ ಶ್ರುತಿಮಾಡಿಬಿಡುತ್ತದೆ.

ರಾಕ್ ಸಂಗೀತದಲ್ಲಿ ಗಿಟಾರು ಯಜಮಾನನಂತೆ ಮೆರೆಯುವುದೂ, ಬೇಸ್ ಗಿಟಾರು ತಳದಲ್ಲಿ ನಿಂತು ಭಾರ ಹೊರುವುದೂ ರೂಢಿಯ ಸಂಗತಿ. ಇಲ್ಲಿಯಾದರೋ ಸಾಂದ್ರಾ ಕೊಟಿನ್ಯೊ ಅವರ ಬೇಸ್ ತಾನೇ ಮುಂದೆ ನಡೆದು ಹಾಡಿನ ಆಕೃತಿಯನ್ನು ನಿಶ್ಚಯಿಸಿದರೆ, ಆನಾ ಮಶಾಡೊ ಅವರ ಗಿಟಾರು ಅದರ ಮೇಲೆ ತೆಳುವಾದ, ಹರಿತವಾದ ಗೀರುಗಳನ್ನಷ್ಟೇ ಎಳೆದು ಹಿಂದೆ ಸರಿಯುತ್ತದೆ. ಲೂ ಅವರ ಡ್ರಮ್ಮಿನಲ್ಲಿ ಒಂದು ಪೆಟ್ಟೂ ಅಲಂಕಾರಕ್ಕಾಗಿ ಬಿದ್ದುದಲ್ಲ. ರೊಸಾಲಿಯಾ ಮುನ್ಯೋಸ್ ಅವರ ಕಂಠವು ರಾಗಕ್ಕೆ ಒಲಿಯದೆ, ಸಭೆಯ ನಡುವೆ ಎದ್ದುನಿಂತು ಪ್ರಶ್ನಿಸುವವರ ಸ್ವರದಲ್ಲಿ ನುಡಿಯುತ್ತದೆ. ವಾದ್ಯಗಳ ನಡುವೆ ಬಿಟ್ಟ ತೆರಪು ಈ ಕೃತಿಯ ಜೀವಾಳ. ಅಲ್ಲಿ ಒಂದು ಸ್ವರವನ್ನು ಸೇರಿಸಿದ್ದರೂ ಹಾಡು ಸಡಿಲಗೊಳ್ಳುತ್ತಿತ್ತೆಂದು ಪ್ರತಿ ಸಲವೂ ನನಗೆ ತೋರುವುದುಂಟು.

1964ರಿಂದ 1985ರವರೆಗೆ ಸೈನ್ಯಾಧಿಕಾರವನ್ನು ಅನುಭವಿಸಿದ ದೇಶ ಬ್ರೆಜಿಲ್. ನಾಗರಿಕ ಸರ್ಕಾರ ಬಂದ ಮರುವರ್ಷವೇ ‘ಪೊಲೀಸಿಯಾ’, ‘ಸಾಂತಾ ಇಗ್ರೆಜಾ’ ಎಂದು ಆರಕ್ಷಕರನ್ನೂ ಪವಿತ್ರ ಚರ್ಚನ್ನೂ ಶೀರ್ಷಿಕೆಯಲ್ಲಿಯೇ ಕರೆದು ನಿಲ್ಲಿಸುವ ಹಾಡುಗಳು ಮುದ್ರಿತವಾದುದು ಸಾಮಾನ್ಯ ಧೈರ್ಯವಲ್ಲ. ಇಲ್ಲಿಯ ಕ್ರೋಧವು ಕೇವಲ ಕೂಗಾಟವಾಗದೆ ನಿಖರವಾಗಿ ಗುರಿ ಮುಟ್ಟುವುದಕ್ಕೆ ಕಾರಣ ಆ ಬೇಸಿನ ಸಂಯಮವೇ ಎಂದು ನಾನು ನಂಬಿದ್ದೇನೆ: ಕಾಲಪ್ರಮಾಣವನ್ನು ಅದು ಬಿಗಿಯಾಗಿ ಹಿಡಿದಿರುವುದರಿಂದಲೇ ಕಂಠಕ್ಕೆ ಸಿಡಿಯುವ ಸ್ವಾತಂತ್ರ್ಯವು ಲಭಿಸಿದೆ.

ಇಂಥದನ್ನು ಮುದ್ರಿಸಲು ಮುಂದೆ ಬಂದವರು ಲೂಯಿಸ್ ಕಲಾಂಕಾ. ನಗರಮಧ್ಯದ ಮಳಿಗೆಸಂಕೀರ್ಣದಲ್ಲಿ ರೆಕಾರ್ಡು ಮಾರುತ್ತಿದ್ದ ಅವರ ಅಂಗಡಿ ‘ಬರಾಟೊಸ್ ಅಫಿನ್ಸ್’ ತಾನೇ ಪ್ರಕಾಶನವೂ ಆಗಿ, 1985ರಲ್ಲಿ ‘ಫೆಲಿನಿ’ ಎಂಬ ಮತ್ತೊಂದು ವೃಂದದ ಪ್ರಥಮ ಕೃತಿಯನ್ನೂ ಹೊರತಂದಿತ್ತು. ದೊಡ್ಡ ಕಂಪನಿಗಳ ದೃಷ್ಟಿ ಬೀಳದ ಸಂಗೀತಕ್ಕೆ, ಅದನ್ನು ಮಾರುವ ರಸಿಕನೇ ಪೋಷಕನಾದನೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ಮೆರ್ಸೆನಾರಿಯಾಸ್ ವೃಂದದ ಎರಡನೆಯ ಕೃತಿಯನ್ನು 1988ರಲ್ಲಿ ದೊಡ್ಡ ಕಂಪನಿಯೇ ಪ್ರಕಟಿಸಿತು; ನನ್ನ ಒಲವು ಮಾತ್ರ ಮೊದಲನೆಯದರ ಮೇಲೆಯೇ ನೆಲೆನಿಂತಿದೆ.

2005ರಲ್ಲಿ ಲಂಡನ್ನಿನ ಸೋಲ್ ಜಾಝ್ ಸಂಸ್ಥೆಯು ಇವರ ಹಾಡುಗಳ ಸಂಕಲನವನ್ನು ಪ್ರಕಟಿಸಿದಮೇಲೆ ದೂರದೇಶದವರಿಗೂ ಇವರ ಪರಿಚಯ ಸುಲಭವಾಯಿತು. ಹಾಗೆ ಬಂದವರು ಸಂಕಲನದಲ್ಲಿಯೇ ನಿಲ್ಲದೆ ಮೂಲ ಕೃತಿಯನ್ನು ಅದರ ಅನುಕ್ರಮದಲ್ಲಿಯೇ ಕೇಳಬೇಕೆಂಬುದು ನನ್ನ ವಿನಂತಿ. ಮತ್ತು ಯಂತ್ರದ ಬೇಸ್ ಗುಂಡಿಯನ್ನು ತಿರುಗಿಸಿ ಮಂದ್ರವನ್ನು ಉಬ್ಬಿಸಬಾರದು, ಆ ಕೆಲಸವನ್ನು ಕೊಟಿನ್ಯೊ ಅವರ ಬೆರಳುಗಳು ಮಾಡಿ ಮುಗಿಸಿವೆ.